ಸ್ಲೈಡಿನ ಕೆಳಗಿನ ಸಣ್ಣಕ್ಷರ

ನಮಸ್ಕಾರ. ಇವತ್ತು ತಪ್ಪೊಪ್ಪಿಗೆಯಿಂದಲೇ ಶುರು ಮಾಡ್ತೀನಿ. ಯೂನಿವರ್ಸಿಟಿ ಲೆಕ್ಚರುಗಳನ್ನ ನಾನು ಒಂದೂವರೆ ಪಟ್ಟು ಸ್ಪೀಡಲ್ಲಿ ಕೇಳೋನು. ಅದೂ ಪಾತ್ರೆ ತೊಳೀತಾ. ಜಾಗತಿಕ ಆರೋಗ್ಯ, ಬಡತನದ ಅರ್ಥಶಾಸ್ತ್ರ, ಸಾಂಕ್ರಾಮಿಕ ರೋಗ, ಸಾಲದಲ್ಲಿ ಮುಳುಗಿರೋ ದೇಶಗಳು, ಹೀಗೆ ಲೋಕದ ಕಷ್ಟವೆಲ್ಲ ನಲ್ಲಿ ನೀರಿನ ಸದ್ದಿನ ಜೊತೆಗೇ ನನ್ನ ಕಿವಿಗೆ ಬೀಳೋದು.

ಕೇಳೋಕೆ ಬರವೇನಿಲ್ಲ ಬಿಡಿ. ಅಮೆರಿಕದ ಎಂಐಟಿ ಯೂನಿವರ್ಸಿಟಿ ತನ್ನ ಪಾಠಗಳನ್ನ ಇಂಟರ್ನೆಟ್ಟಲ್ಲಿ ಉಚಿತವಾಗಿ ಇಡ್ತೀವಿ ಅಂತ 2001ರಲ್ಲೇ ಘೋಷಿಸಿತು. ಲಂಡನ್ನಿನ ಗ್ರೆಶಮ್ ಕಾಲೇಜಂತೂ 1597ರಿಂದ ಸಾರ್ವಜನಿಕರಿಗೆ ಪುಕ್ಕಟೆ ಉಪನ್ಯಾಸ ಕೊಡ್ತಾ ಬಂದಿದೆ. ಇಂಥಾ ಪಾಠಗಳು ಸಿಗ್ತಿರೋದಕ್ಕೆ ನನಗೆ ನಿಜಕ್ಕೂ ಖುಷಿ ಇದೆ. ಮುಂದೆ ನಾನು ತಕರಾರು ತೆಗೆದಾಗ ಇದನ್ನ ಸ್ವಲ್ಪ ನೆನಪಲ್ಲಿ ಇಟ್ಕೊಂಡಿರಿ.

ಮೊನ್ನೆ ಏನಾಯ್ತು ಅಂದ್ರೆ, ಒಂದು ಲೆಕ್ಚರಲ್ಲಿ ಪ್ರೊಫೆಸರ್ ಹೇಳ್ತಿದ್ರು: 2022ರಲ್ಲಿ ಐದು ವರ್ಷ ತುಂಬೋ ಮೊದಲೇ ತೀರಿಕೊಂಡ ಮಕ್ಕಳು ಪ್ರಪಂಚದಲ್ಲಿ 49 ಲಕ್ಷ. ನನ್ನ ಸ್ಪೀಡಲ್ಲಿ ಆ ವಾಕ್ಯ ಮುಗಿಯೋಕೆ ಮೂರು ಸೆಕೆಂಡೂ ಬೇಕಾಗಲಿಲ್ಲ. ನಾನು ಲೋಟ ಉಜ್ಜುತ್ತಿದ್ದೆ, ಉಜ್ಜುತ್ತಲೇ ಇದ್ದೆ. ಮುಂದಿನ ಸ್ಲೈಡ್ ಬಂತು, ಅದರ ಮುಂದಿನದ್ದೂ ಬಂತು. ಲೋಟ ತೊಳೆದು ಬೋರಲು ಹಾಕಿದ ಮೇಲೆ ತಲೆಗೆ ಹೊಳೀತು, ಈಗ ನಾನು ಕೇಳಿದ್ದು ಏನು ಅಂತ.

ಕೈ ಒರೆಸಿಕೊಂಡು ಲೆಕ್ಕ ಹಾಕಿದೆ. ವರ್ಷಕ್ಕೆ 49 ಲಕ್ಷ ಅಂದ್ರೆ ನಿಮಿಷಕ್ಕೆ ಒಂಬತ್ತಕ್ಕಿಂತ ಸ್ವಲ್ಪ ಜಾಸ್ತಿ. ಆ 50 ನಿಮಿಷದ ಪಾಠ ಮುಗಿಯೋಷ್ಟರಲ್ಲಿ ನಾನೂರ ಅರವತ್ತಕ್ಕೂ ಹೆಚ್ಚು ಮಕ್ಕಳು.

ಎದೆ ಧಸಕ್ ಅಂತಲ್ವಾ? ನೋಡಿ, ಲೆಕ್ಚರುಗಳಲ್ಲಿ ಮಾಡೋ ಕೈಚಳಕವನ್ನೇ ಈಗ ನಾನೂ ಮಾಡಿದೆ. ದೊಡ್ಡ ಸಂಖ್ಯೆಯನ್ನ ಚಿಕ್ಕದಾಗಿ ಕತ್ತರಿಸಿ ಗಡಿಯಾರದ ಪಕ್ಕ ಇಟ್ಟೆ. ನಿಮಗೆ ನೋವಾಯ್ತು, ಆದ್ರೆ ಒಂದಿಷ್ಟೂ ಹೊಸದು ಗೊತ್ತಾಗಲಿಲ್ಲ. 1990ರಲ್ಲಿ ಇದೇ ಸಂಖ್ಯೆ 1 ಕೋಟಿ 20 ಲಕ್ಷ ದಾಟಿತ್ತು, ಅಲ್ಲಿಂದ ಅರ್ಧಕ್ಕಿಂತ ಕೆಳಗೆ ಇಳಿದಿದೆ. ನನ್ನ ಗಡಿಯಾರದಲ್ಲಿ ಅದು ಕಾಣುತ್ತಾ? ಇಲ್ಲ. ಈ 49 ಲಕ್ಷವನ್ನ ಎಣಿಸಿದ್ದು ಯಾರು, ಹೇಗೆ ಅನ್ನೋದು ಕಾಣುತ್ತಾ? ಅದೂ ಇಲ್ಲ.

ನನ್ನ ತಕರಾರು ಇರೋದೇ ಇಲ್ಲಿ. ಈ ಪಾಠಗಳಲ್ಲಿ ಸಂಖ್ಯೆ ಧಾರಾಳವಾಗಿ ಸಿಗುತ್ತೆ, ಅದರ ಹುಟ್ಟಿನ ಕಥೆ ಸಿಗಲ್ಲ. ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ ನಾವೂ ತಲೆದೂಗಿ ಬರೆದುಕೊಂಡು ಬಿಡ್ತೀವಿ.

ಎಣಿಸೋದು ಹೇಗೆ ಅಂತ ಹೇಳ್ತೀನಿ ಕೇಳಿ. ಮಕ್ಕಳ ಸಾವು ಹೆಚ್ಚಿರೋ ಎಷ್ಟೋ ದೇಶಗಳಲ್ಲಿ ಜನನ ಮರಣಗಳ ನೋಂದಣಿ ಅರೆಬರೆ. ಅಲ್ಲಿ ಕೆಲಸಕ್ಕೆ ಬರೋದು ಮನೆಮನೆ ಸಮೀಕ್ಷೆ. ಒಬ್ಬಾಕೆ ಫಾರಮ್ಮು ಹಿಡಿದು ಬರ್ತಾಳೆ, ಮನೆಯ ಹೆಂಗಸಿನ ಎದುರು ಕೂತು ಕೇಳ್ತಾಳೆ: ನೀವು ಹೆತ್ತ ಮಕ್ಕಳೆಷ್ಟು? ಬದುಕಿರೋರು ಎಷ್ಟು? ಹೋದ ಮಗು ಹುಟ್ಟಿದ್ದು ಯಾವಾಗ, ಹೋದಾಗ ಎಷ್ಟು ತಿಂಗಳು? ಅಂಥ ಸಾವಿರಾರು ಉತ್ತರ ಸೇರಿಸಿ, ಸಮೀಕ್ಷೆ ಆಗದ ವರ್ಷಗಳನ್ನ ಗಣಿತದ ಮಾದರಿಯಿಂದ ತುಂಬಿಸಿ, ಕೊನೆಗೆ ಒಂದು ಅಂದಾಜಿಗೆ ಬರ್ತಾರೆ. ಆ ಅಂದಾಜಿಗೆ ಮೇಲಿನ ಮಿತಿ ಒಂದು, ಕೆಳಗಿನ ಮಿತಿ ಒಂದು ಇರುತ್ತೆ. ಸ್ಲೈಡಿಗೆ ಬರೋ ಹೊತ್ತಿಗೆ ಮಿತಿಗಳೆರಡೂ ಉದುರಿ ನಡುವಿನ ಸಂಖ್ಯೆ ಮಾತ್ರ ಉಳಿದಿರುತ್ತೆ.

ಸಾವಿಗೆ ಕಾರಣ ಏನು ಅನ್ನೋದು ಇನ್ನೂ ಕಷ್ಟ. ಡಾಕ್ಟರು ನೋಡದೇ ಮನೆಯಲ್ಲೇ ಸತ್ತ ಮಗು ಮಲೇರಿಯಾದಿಂದ ಸತ್ತಿತೋ ನ್ಯುಮೋನಿಯಾದಿಂದಲೋ? ಅದಕ್ಕೆ ಮೌಖಿಕ ಮರಣೋತ್ತರ ವಿಚಾರಣೆ ಅಂತ ಒಂದು ವಿಧಾನ ಇದೆ. ಹೆಸರು ಭಾರೀ ಆದ್ರೂ ನಡೆಯೋದು ಎರಡು ಕುರ್ಚಿಯಲ್ಲೋ ಒಂದು ಚಾಪೆಯ ಮೇಲೋ. ಜ್ವರ ಎಷ್ಟು ದಿನ ಇತ್ತು? ಉಸಿರು ಜೋರಾಗಿ ಬಿಡ್ತಿತ್ತಾ? ಎದೆಗೂಡು ಒಳಕ್ಕೆ ಎಳೀತಿತ್ತಾ? ಫಿಟ್ಸ್ ಬಂದಿತ್ತಾ? ಕೊನೇ ದಿನ ಹಾಲು ಕುಡೀತಾ? ತಾಯಿ ನೆನಪು ಮಾಡಿಕೊಂಡು ಹೇಳ್ತಾಳೆ, ಕೆಲವಕ್ಕೆ ಗೊತ್ತಿಲ್ಲ ಅಂತಾಳೆ, ಮಧ್ಯೆ ಸೆರಗಲ್ಲಿ ಕಣ್ಣೊರೆಸ್ತಾಳೆ. ಕೇಳೋಕೆ ಬಂದವಳು ಪೆನ್ನು ಕೆಳಗಿಟ್ಟು ಕಾಯ್ತಾಳೆ. ಆಮೇಲೆ ಆ ಉತ್ತರಗಳನ್ನ ವೈದ್ಯರೋ ಕಂಪ್ಯೂಟರೋ ಓದಿ ಒಂದು ಕಾರಣದ ಸಂಕೇತ ಬರೀತಾರೆ. ಪೈ ಚಾರ್ಟಿನಲ್ಲಿ ಮಲೇರಿಯಾ ಅಂತ ಹಸಿರು ತುಂಡು ಕಾಣುತ್ತಲ್ಲ, ಅದರೊಳಗೆ ಇಂಥ ಎಷ್ಟು ಚಾಪೆಗಳಿವೆಯೋ! ಅದನ್ನ ಹೇಳೋಕೆ ಪ್ರೊಫೆಸರಿಗೆ ಬೇಕಾಗೋದು ಐದು ನಿಮಿಷ. ಪಾಠ ಕೇಳಿದವನಿಗೆ ಅದು ಜನ್ಮಪೂರ್ತಿ ಮರೆಯಲ್ಲ ಅಂತ ನನ್ನ ನಂಬಿಕೆ.

ಇಲ್ಲಿ ಇನ್ನೊಂದು ಮಾತು. ಅಂದಾಜು ಅಂದ ತಕ್ಷಣ 'ಓಹೋ, ಎಲ್ಲಾ ಬುರುಡೆ' ಅನ್ನೋರಿದ್ದಾರೆ. ಅದು ಕುರುಡು ನಂಬಿಕೆಯ ಅಣ್ಣನೇ. ಅಂದಾಜಿಗೆ ಶಿಸ್ತಿದೆ, ತಪ್ಪಾದ್ರೆ ತಿದ್ದೋ ದಾರಿ ಇದೆ. ಅದನ್ನ ಕಲಿಸಿ ಅಂತಲೇ ನಾನು ಹೇಳ್ತಿರೋದು.

ಚೆನ್ನಾಗಿ ಪಾಠ ಮಾಡಿದವರಿಲ್ಲ ಅಂತಲ್ಲ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿದ್ದ ಹ್ಯಾನ್ಸ್ ರೋಸ್ಲಿಂಗ್ ಜಾಗತಿಕ ಆರೋಗ್ಯದ ಪಾಠಕ್ಕೆ ಮುಂಚೆ ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಇಟ್ಟಿದ್ರು. ಐದು ಜೋಡಿ ದೇಶ. ಪ್ರತಿ ಜೋಡಿಯಲ್ಲೂ ಒಂದರ ಮಕ್ಕಳ ಮರಣ ಪ್ರಮಾಣ ಇನ್ನೊಂದರ ಎರಡರಷ್ಟು. ಹೆಚ್ಚಿರೋದು ಶ್ರೀಲಂಕಾದಲ್ಲೋ ಟರ್ಕಿಯಲ್ಲೋ? ಪೋಲೆಂಡಿನಲ್ಲೋ ದಕ್ಷಿಣ ಕೊರಿಯಾದಲ್ಲೋ? ದೇಶದ ಜಾಣ ಹುಡುಗರು ಸರಾಸರಿ 1.8 ಸರಿ ಹೇಳಿದ್ರು. ಕಣ್ಣು ಮುಚ್ಚಿ ಆರಿಸೋ ಚಿಂಪಾಂಜಿಗೆ ಎರಡೂವರೆ ಸಿಗುತ್ತೆ! ಅಂದ್ರೆ ಆ ಹುಡುಗರಿಗೆ ತಿಳಿವಳಿಕೆ ಇಲ್ಲ ಅಂತಲ್ಲ, ತಲೆಯಲ್ಲಿ ಹಳೇ ಚಿತ್ರವೊಂದು ಗಟ್ಟಿಯಾಗಿ ಕೂತಿದೆ ಅಂತ. ಸಂಖ್ಯೆಯನ್ನ ಬಳಸೋದು ಅಂದ್ರೆ ಇದಪ್ಪಾ. ಆದ್ರೆ ಸರಿಯುತ್ತರವನ್ನ ಗಿಣಿಪಾಠ ಮಾಡಿಕೊಂಡು ಹೊರಗೆ ಬಂದ್ರೆ ಚಿಂಪಾಂಜಿಯನ್ನ ಸೋಲಿಸಬಹುದು, ಅಷ್ಟೇ.

ಇನ್ನು ಅರ್ಥಶಾಸ್ತ್ರ ಆರೋಗ್ಯದ ಕೈ ಹಿಡಿಯೋ ಜಾಗಕ್ಕೆ ಬರೋಣ. 1993ರಲ್ಲಿ ವಿಶ್ವಬ್ಯಾಂಕಿನ ವರದಿಯೊಂದು ಡ್ಯಾಲಿ ಅನ್ನೋ ಅಳತೆಗೋಲನ್ನ ಚಾಲ್ತಿಗೆ ತಂತು. ಒಂದು ಡ್ಯಾಲಿ ಅಂದ್ರೆ ಕಳೆದುಹೋದ ಒಂದು ಆರೋಗ್ಯವಂತ ವರ್ಷ. ಸಾವು, ಕಾಯಿಲೆ, ಅಂಗವೈಕಲ್ಯ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕೋ ಉಪಾಯ. ಉಪಯುಕ್ತ, ಒಪ್ತೀನಿ. ಆದ್ರೆ ತಕ್ಕಡಿಯ ಬಟ್ಟುಗಳನ್ನ ನೋಡಿ. ಆಗಿನ ಲೆಕ್ಕದಲ್ಲಿ ಮುಂದಿನ ಒಂದೊಂದು ವರ್ಷಕ್ಕೂ ಶೇಕಡಾ 3ರಂತೆ ಕಡಿತ ಏರ್ತಾ ಹೋಗ್ತಿತ್ತು, ಬಡ್ಡಿಯನ್ನ ತಿರುಗಿಸಿ ಹಾಕಿದ ಹಾಗೆ. 80 ವರ್ಷ ಬಾಳಬೇಕಿದ್ದ ಮಗು ಹುಟ್ಟಿದ ಕೂಡಲೇ ಸತ್ತರೆ ಕಳೆದುಕೊಂಡದ್ದು 80 ಅಲ್ಲ, ಸುಮಾರು 30 ವರ್ಷ. ಅದು ಸಾಲದು ಅಂತ ಪ್ರಾಯದವರ ವರ್ಷಕ್ಕೆ ತೂಕ ಹೆಚ್ಚು, ಹಸುಗೂಸಿನ ವರ್ಷಕ್ಕೂ ಮುದುಕರ ವರ್ಷಕ್ಕೂ ಕಡಿಮೆ. 2012ರಲ್ಲಿ ಪ್ರಕಟವಾದ ಜಾಗತಿಕ ರೋಗಭಾರ ಅಧ್ಯಯನದಲ್ಲಿ ಇವೆರಡನ್ನೂ ಕೈಬಿಟ್ರು. ಮಗುವಿಗೆ 80 ವಾಪಸ್ ಸಿಕ್ತು.

ಅದೇ ಅಧ್ಯಯನದಲ್ಲಿ ಕುರುಡುತನದ ತೂಕವೂ ಬದಲಾಯ್ತು. ಈ ತೂಕದಲ್ಲಿ 0 ಅಂದ್ರೆ ಪೂರ್ತಿ ಆರೋಗ್ಯ, 1 ಅಂದ್ರೆ ಸಾವಿಗೆ ಸಮ. ಕುರುಡುತನಕ್ಕೆ ಮೊದಲು ಸುಮಾರು 0.6 ಇತ್ತು. ತಜ್ಞರ ಗುಂಪಿನ ಬದಲು ಹಲವು ದೇಶಗಳ ಸಾಮಾನ್ಯ ಜನರನ್ನ 'ಈ ಇಬ್ಬರಲ್ಲಿ ಹೆಚ್ಚು ಆರೋಗ್ಯವಂತ ಯಾರು' ಅಂತ ಕೇಳಿದಾಗ 0.2ರ ಆಸುಪಾಸಿಗೆ ಇಳೀತು. ಕಣ್ಣು ಕಾಣದವರ ಬದುಕಲ್ಲಿ ಏನೂ ಬದಲಾಗಿರಲಿಲ್ಲ, ಬದಲಾಗಿದ್ದು ಕೇಳಿದ ಪ್ರಶ್ನೆ. ಕಣ್ಣಿನ ಆಪರೇಷನ್ನಿಗೆ ಇಷ್ಟು ಹಣ ಕೊಡಿ ಅಂತ ಬೇಡೋರ ಕೋಷ್ಟಕದಲ್ಲಿ ಮಾತ್ರ ಎಲ್ಲ ತಲೆಕೆಳಗು.

ನನ್ನನ್ನ ಎಲ್ಲಕ್ಕಿಂತ ಹೆಚ್ಚು ಕಾಡೋದು ಏಡ್ಸ್ ಮಾತ್ರೆಯ ಕಥೆ. ಹೊಸ ಶತಮಾನ ಶುರುವಾಗೋ ಹೊತ್ತಿಗೆ ಮೂರು ಔಷಧಿಗಳ ಚಿಕಿತ್ಸೆಗೆ ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರಿಗೂ ಹೆಚ್ಚು ಖರ್ಚು. ಆಫ್ರಿಕಾದಲ್ಲಿ ಚಿಕಿತ್ಸೆ ಕೊಡೋದು ವೆಚ್ಚದ ಲೆಕ್ಕದಲ್ಲಿ ಗಿಟ್ಟಲ್ಲ, ರೋಗ ತಡೆಗಟ್ಟೋಕೇ ಹಣ ಹಾಕಿ ಅಂತ ಬಲವಾದ ವಾದ ಇತ್ತು. ಲೆಕ್ಕ ತಪ್ಪಿರಲಿಲ್ಲ, ಭಾಗಾಕಾರ ಸರಿಯಾಗೇ ಇತ್ತು. 2001ರ ಫೆಬ್ರವರಿಯಲ್ಲಿ ಭಾರತದ ಔಷಧಿ ಕಂಪನಿ ಸಿಪ್ಲಾ ಅದೇ ಚಿಕಿತ್ಸೆಯನ್ನ ಮೆಡ್ಸಾನ್ ಸಾನ್ ಫ್ರಾಂಟಿಯೇರ್ ಅನ್ನೋ ವೈದ್ಯರ ಸೇವಾಸಂಸ್ಥೆಗೆ ರೋಗಿಯೊಬ್ಬರಿಗೆ ವರ್ಷಕ್ಕೆ 350 ಡಾಲರಿಗೆ ಕೊಡ್ತೀವಿ ಅಂತು. ಔಷಧಿಯ ಮೇಲೆ ಪೇಟೆಂಟ್ ಕೊಡದ ಭಾರತದ 1970ರ ಕಾನೂನು ಆಗಿನ್ನೂ ಜಾರಿಯಲ್ಲಿತ್ತು, ಹಾಗಾಗಿ ಅದು ಸಾಧ್ಯವಾಯ್ತು. ಮಳೆ, ಗಾಳಿ ಇದ್ದ ಹಾಗೆ ಬೆಲೆಯೂ ಇರುತ್ತೆ ಅಂತ ಸೂತ್ರದಲ್ಲಿ ಬರೆದುಕೊಂಡಿದ್ರು. ಅದು ಯಾರೋ ಇಟ್ಟ ಬೆಲೆ. ಇಟ್ಟವರು ಯಾರು ಅಂತ ಕೇಳೋ ಗೋಜಿಗೆ ಆ ಕೋಷ್ಟಕ ಹೋಗಲಿಲ್ಲ.

ಪಾಪ, ಪ್ರೊಫೆಸರುಗಳಿಗೂ 50 ನಿಮಿಷವೇ ಇರೋದು. ಪ್ರತಿ ಸಂಖ್ಯೆಯ ಜಾತಕ ಬಿಡಿಸಿ ಕೂತ್ರೆ ಸಿಲಬಸ್ ಮುಗಿಯಲ್ಲ. ಒಂದು ಪಾಠಕ್ಕೆ ಒಂದೇ ಸಂಖ್ಯೆ ಸಾಕು ನನಗೆ. ಮೂವತ್ತು ಸ್ಲೈಡಲ್ಲಿ ಹತ್ತು ಕಿತ್ತು ಹಾಕಿ, ಮಿಕ್ಕಿದ್ದರಲ್ಲಿ ಒಂದನ್ನ ಪೂರ್ತಿ ಬಿಚ್ಚಿ ತೋರಿಸಿ. ಕಿತ್ತು ಹಾಕಿದ ಹತ್ತನ್ನ ನೆನಪಿಟ್ಟುಕೊಳ್ಳೋರು ಹೇಗೂ ಯಾರೂ ಇಲ್ಲ.

ಹಾಂ, ಆ 49 ಲಕ್ಷದ ವಿಡಿಯೋ. ವಾಪಸ್ ಹೋಗಿ ಆ ಸ್ಲೈಡಿನ ಹತ್ತಿರ ನಿಲ್ಲಿಸಿದೆ. ಕೆಳಗಡೆ ಮೂಲೆಯಲ್ಲಿ ಇರುವೆ ಸಾಲಿನ ಹಾಗೆ ಏನೋ ಸಣ್ಣಕ್ಷರ ಇತ್ತು. ದೊಡ್ಡದು ಮಾಡಿದಷ್ಟೂ ಮಸುಕಾಯ್ತೇ ಹೊರತು ಓದೋಕೆ ಆಗಲಿಲ್ಲ. ಹಾಗೇ ಬಿಟ್ಟು ಕೊನೆವರೆಗೂ ನೋಡಿದೆ, ಈ ಸಲ ಮಾಮೂಲಿ ಸ್ಪೀಡಲ್ಲಿ. ಕೊನೆಯಲ್ಲಿ ಒಬ್ಬ ಹುಡುಗಿ ಎದ್ದು ಏನೋ ಕೇಳ್ತಾಳೆ. ಮೈಕು ಅವಳ ಹತ್ತಿರ ಇಲ್ಲ, ಪ್ರಶ್ನೆ ಕೇಳಿಸಲ್ಲ. ಪ್ರೊಫೆಸರ್ ಆ ಸ್ಲೈಡಿಗೆ ವಾಪಸ್ ಹೋಗ್ತಾರೆ, ಮೂಲೆಯ ಸಣ್ಣಕ್ಷರದ ಕಡೆ ಕೈ ತೋರಿಸ್ತಾರೆ, ಗಡಿಯಾರ ನೋಡ್ತಾರೆ. ಒಳ್ಳೇ ಪ್ರಶ್ನೆ, ಮುಂದಿನ ವಾರ ಮಾತಾಡೋಣ ಅಂತಾರೆ.

ಮುಂದಿನ ವಾರದ ವಿಡಿಯೋನೂ ಹಾಕಿ ಪೂರ್ತಿ ನೋಡಿದೆ. ವಿಷಯ ವ್ಯಾಪಾರ ಒಪ್ಪಂದಗಳು. ಪ್ರೊಫೆಸರ್ ನೇರವಾಗಿ ಮೊದಲ ಸ್ಲೈಡಿಗೆ ಹೋದ್ರು.