ಇದರಾಗ ಹೊಸಾದು ಏನದ?

ಎಲ್ಲರಿಗೂ ಶರಣು ಶರಣಾರ್ಥಿ.

ಮೈಕ್ ಕೇಳುತ್ತಿದೆ ಅಲ್ವಾ? ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ, ಎರಡು ಸಾಲು ಖಾಲಿ ಇವೆ. ಥಿಯೇಟರಿನಲ್ಲಿ ಬಾಲ್ಕನಿ ಕೇಳಿ ಕೇಳಿ ಅಭ್ಯಾಸವಾಗಿದೆ ನಿಮಗೆ, ಇಲ್ಲೂ ಹಿಂದಿನ ಕುರ್ಚಿಯೇ ಬೇಕು.

ಈಚೆಗೆ ನೋಡಿದ ಸಿನಿಮಾ, ಬರಲಿರುವ ಎರಡನೇ ಭಾಗ, ಮೂರನೇ ಭಾಗ, ರೀಮೇಕು, ಇವುಗಳ ಬಗ್ಗೆ ಮಾತಾಡಿ ಅಂದಿದ್ದಾರೆ. ನಾನು ವಿಮರ್ಶಕ ಅಲ್ಲ. 90ರ ದಶಕದಲ್ಲಿ ಇಲ್ಲೇ ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಗಲ್ಲಿಯಲ್ಲಿ ವಿಡಿಯೊ ಕ್ಯಾಸೆಟ್ ಬಾಡಿಗೆ ಕೊಡುತ್ತಿದ್ದೆ. ಮಂಚ ಹಾಕಿದರೆ ಕಾಲಿಡಲು ಜಾಗ ಉಳಿಯದಷ್ಟು ಅಂಗಡಿ. ಒಂದು ಗೋಡೆ ತುಂಬ ಹಿಂದಿ, ಒಂದು ಗೋಡೆ ತೆಲುಗು, ಬಾಗಿಲ ಹಿಂದೆ ಕನ್ನಡ. ಬಾಗಿಲು ತೆರೆದರೆ ಕನ್ನಡ ಕಾಣುತ್ತಿರಲಿಲ್ಲ, ಇದಕ್ಕೆ ಈಗಲೂ ನಾಚಿಕೆಯಾಗುತ್ತದೆ. ರಿವೈಂಡ್ ಮಾಡದೆ ತಂದವರಿಗೆ ಒಂದು ರೂಪಾಯಿ ದಂಡ. ಯಾರೂ ಕೊಡುತ್ತಿರಲಿಲ್ಲ, ಆ ಮಾತು ಬೇರೆ.

ನಮ್ಮ ಗಲ್ಲಿಯಲ್ಲಿ ಒಬ್ಬ ಅತ್ತಿ ಇದ್ದರು. ವಾರಕ್ಕೆ ಎರಡು ಕ್ಯಾಸೆಟ್, ಸೆರಗಿನ ಗಂಟಿನಿಂದ ರೊಕ್ಕ ತೆಗೆದು ಎಣಿಸಿಯೇ ಕೊಡುವವರು. ಒಮ್ಮೆ 'ಅನುರಾಗ ಅರಳಿತು' ಒಯ್ದರು. ಅರ್ಧ ತಾಸಿಗೆ ವಾಪಸ್ ಬಂದರು.

"ತಮ್ಮಾ, ಇದು ನೋಡಿದ್ದೇ ಅದ. ಹೋದ ತಿಂಗಳು ಹಿಂದ್ಯಾಗ ಕೊಟ್ಟಿದ್ದಿ. ರಾಜಕುಮಾರ್‌ಗ ಯಾಕ ಬೇಕಿತ್ತು ಹಿಂದಿಯವರದು ತಗೊಂಡು ಮಾಡೋದು?"

ನನಗೆ ಸಿಟ್ಟು ಬಂತು. ಅತ್ತಿ, ನಮ್ಮದು 1986ರದು, ತೆಲುಗಿನಲ್ಲಿ ಚಿರಂಜೀವಿ, ತಮಿಳಿನಲ್ಲಿ ರಜನಿಕಾಂತ್ ಮಾಡಿದ್ದು 1992ರಲ್ಲಿ, ನೀವು ನೋಡಿದ ಹಿಂದಿಯ 'ಲಾಡ್ಲಾ' 1994ರದು, ಎಲ್ಲರೂ ನಮ್ಮದನ್ನೇ ತಗೊಂಡು ಮಾಡಿದ್ದು ಅಂತ ಒಂದೇ ಉಸಿರಿಗೆ ಹೇಳಿದೆ. ಅವರಿಗೆ ಅದೇನೂ ನಾಟಲಿಲ್ಲ.

"ಯಾವುದು ಮೊದಲು ಬಂತು ಅಂತ ತಿಳಕೊಂಡು ನಾ ಏನ್ ಮಾಡ್ಲಿ? ಇದರಾಗ ಹೊಸಾದು ಏನದ, ಅದು ಹೇಳು."

ನನ್ನ ಹತ್ತಿರ ಉತ್ತರ ಇರಲಿಲ್ಲ. ಪೂರ್ತಿ ನೋಡಿ ಬನ್ನಿ, ಚೆನ್ನಾಗಿಲ್ಲದಿದ್ದರೆ ರೊಕ್ಕ ಬೇಡ ಅಂದೆ. ಮರುದಿನ ಬಂದು ಕ್ಯಾಸೆಟ್ ಮೇಜಿನ ಮೇಲಿಟ್ಟರು. "ಹಿಂದಿಯವ ತಾಯಿ ಸೇವಾ ಮಾಡಿದಂಗ ಆಕ್ಟಿಂಗ್ ಮಾಡ್ಯಾನ. ಇವ ಖರೇನೇ ಮಾಡ್ಯಾನ" ಅಂದರು. ರೊಕ್ಕ ಕೊಟ್ಟರು. ರಿವೈಂಡ್ ಮಾಡಿರಲಿಲ್ಲ.

ಇವತ್ತಿಗೂ ನನ್ನ ಹತ್ತಿರ ಇರುವ ತಕ್ಕಡಿ ಅದೊಂದೇ. ಎರಡನೇ ಭಾಗ ಇರಲಿ, ರೀಮೇಕ್ ಇರಲಿ, ಹೊಸಾದು ಏನದ?

ನಮ್ಮ ಊರಿನವರಿಗೆ ಈ ಪ್ರಶ್ನೆ ಕೇಳುವ ಹಕ್ಕು ಸ್ವಲ್ಪ ಜಾಸ್ತಿಯೇ ಇದೆ ಅನ್ನುತ್ತೇನೆ ನಾನು. ಬೆಂಗಳೂರು, ಮೈಸೂರಿನ ಕಡೆ ಒಂದು ಕಾಲದಲ್ಲಿ ರೀಮೇಕ್ ಬಂದರೆ ಎಷ್ಟೋ ಜನರಿಗೆ ಅದೇ ಮೊದಲ ಸಲ. ನಮಗೆ ಹಾಗಲ್ಲ. ರೈಲು ಹತ್ತಿದರೆ ಸೋಲಾಪುರ. ಆ ಕಡೆ ಹೈದರಾಬಾದ್. ಮನೆಯ ಹೊರಗೆ ಕಾಲಿಟ್ಟರೆ ದಖನಿ ಮಾತು. ಮೂಲ ನೋಡಿಯೇ ಕೂತಿರುತ್ತೇವೆ, ಆಮೇಲೆ ಕನ್ನಡದ್ದು ಬರುತ್ತದೆ. ನಮಗೆ ರೀಮೇಕ್ ಅಂದರೆ ನಿನ್ನೆಯ ಪಲ್ಯ. ಬಿಸಿ ಮಾಡಿದರೆ ಸಾಲದು, ಮೇಲೆ ಒಂದಿಷ್ಟು ಶೇಂಗಾ ಹಿಂಡಿಯಾದರೂ ಉದುರಿಸಿ ಕೊಡಬೇಕು.

'ಆಪ್ತಮಿತ್ರ'ದ ವಿಷಯ ನೋಡಿ. 1993ರ ಮಲಯಾಳದ 'ಮಣಿಚಿತ್ರತಾಳ್' ಅದರ ಮೂಲ. ಪಿ. ವಾಸು 2004ರಲ್ಲಿ ಕನ್ನಡಕ್ಕೆ ತಂದರು, ಮರುವರ್ಷ ಅವರೇ ತಮಿಳಿನಲ್ಲಿ 'ಚಂದ್ರಮುಖಿ' ಮಾಡಿದರು, 2007ರಲ್ಲಿ ಪ್ರಿಯದರ್ಶನ್ ಹಿಂದಿಗೆ ಒಯ್ದರು. ಎಲ್ಲದರಲ್ಲೂ ಒಬ್ಬ ನಾಟ್ಯಗಾರ್ತಿಯ ಕಥೆ ಇದೆ, ಮನೆಯ ಹೆಣ್ಣುಮಗಳು ಆಕೆಯೇ ತಾನು ಅಂದುಕೊಂಡು ಪರಭಾಷೆಯಲ್ಲಿ ಮಾತಾಡುತ್ತಾಳೆ. ಆ ಪರಭಾಷೆ ಯಾವುದು ಅನ್ನುವುದೇ ಮಜಾ. ಮಲಯಾಳದಲ್ಲಿ ಆಕೆ ತಮಿಳಿನವಳು. ಹಿಂದಿಯಲ್ಲಿ ಬಂಗಾಳದವಳು. ಕನ್ನಡದಲ್ಲಿ ನಾಗವಲ್ಲಿ ತೆಲುಗಿನವಳು. ಪ್ರತಿ ಊರಿನವರೂ ತಮಗೆ ಅರ್ಧ ತಿಳಿಯುವ, ಅರ್ಧ ತಿಳಿಯದ ಪಕ್ಕದ ಭಾಷೆಯೊಂದನ್ನು ಹುಡುಕಿಕೊಂಡಿದ್ದಾರೆ. ಪೂರ್ತಿ ತಿಳಿದರೆ ಹೆದರಿಕೆ ಹುಟ್ಟುವುದಿಲ್ಲ, ಪೂರ್ತಿ ತಿಳಿಯದಿದ್ದರೆ ಕಥೆ ಹತ್ತುವುದಿಲ್ಲ. ಹೀಗೆ ಲೆಕ್ಕ ಹಾಕಿದರೆ ಅದಕ್ಕೆ ರೀಮೇಕ್ ಅನ್ನಬಹುದು.

ಆದರೆ ನಮ್ಮ ಸೇಡಂ, ಗುರುಮಠಕಲ್ ಕಡೆಯವರ ಮುಂದೆ ಈ ಲೆಕ್ಕ ತಪ್ಪುತ್ತದೆ! ಅಲ್ಲಿ ಎಷ್ಟೋ ಮನೆಯಲ್ಲಿ ಒಲೆ ಮುಂದೆ ತೆಲುಗು, ಅಂಗಳದಲ್ಲಿ ಕನ್ನಡ. ನನ್ನ ಜೊತೆ ಸಿನಿಮಾಕ್ಕೆ ಬಂದಿದ್ದ ಸೇಡಂ ಗೆಳೆಯ, ಸೌಂದರ್ಯ ಕಣ್ಣು ಕೆಂಪಗೆ ಮಾಡಿ ತೆಲುಗಿನಲ್ಲಿ ಗದರಿಸುವಾಗ ಕಿವಿಯಲ್ಲಿ ಹೇಳಿದ: "ನಮ್ಮ ಅವ್ವ ಸಿಟ್ಟು ಬಂದಾಗ ಹಿಂಗೇ ಮಾತಾಡ್ತಾಳ." ಇಡೀ ಕ್ಲೈಮ್ಯಾಕ್ಸ್ ನಕ್ಕು ಹಾಳಾಯಿತು. ಸೌಂದರ್ಯ ಅದೇ ವರ್ಷ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದರು, ಸಿನಿಮಾ ಬಂದದ್ದು ಆಮೇಲೆ. ಮನೆಗೆ ಬರುವಾಗ ಅದು ನೆನಪಾಗಿ ಇಬ್ಬರೂ ಸುಮ್ಮನಾದೆವು.

ಇನ್ನು 'ಸೈರಾಟ್'. 2016ರ ಏಪ್ರಿಲ್‌ನಲ್ಲಿ ನಾಗರಾಜ್ ಮಂಜುಳೆ ಮರಾಠಿಯಲ್ಲಿ ಮಾಡಿದರು. ಅದರಲ್ಲಿ ಕಾಣುವ ಕರ್ಮಾಳ ಸೋಲಾಪುರ ಜಿಲ್ಲೆಯದು, ನಮ್ಮ ಪಕ್ಕದ್ದು. ಆ ಬಾವಿ, ಆ ಕಬ್ಬಿನ ಹೊಲ, ಬುಲೆಟ್ ಮೇಲೆ ಬರುವ ಗೌಡರ ಮನೆ ಹುಡುಗಿ, ಯಾವುದೂ ನಮಗೆ ಬೇರೆ ಊರು ಅನ್ನಿಸಲಿಲ್ಲ. ಆ ವರ್ಷ ನಮ್ಮಲ್ಲಿ ಅದರ 'ಝಿಂಗಾಟ್' ಹಾಡು ಹಾಕದ ಮದುವೆ ಮೆರವಣಿಗೆ ಇತ್ತಾ? ಡಿಜೆ ಮುಂದೆ ಕುಣಿಯುವ ಹುಡುಗರಿಗೆ ಮರಾಠಿ ಬರುತ್ತಿತ್ತೋ ಇಲ್ಲವೋ, ಕೈಕಾಲಿಗಂತೂ ಬರುತ್ತಿತ್ತು. ಮುಂದಿನ ವರ್ಷ ಎಸ್. ನಾರಾಯಣ್ 'ಮನಸು ಮಲ್ಲಿಗೆ' ಅಂತ ಕನ್ನಡಕ್ಕೆ ತಂದರು. ನಾಯಕಿ ಅದೇ ರಿಂಕು ರಾಜಗುರು, ಸಂಗೀತ ಅದೇ ಅಜಯ್-ಅತುಲ್. ಎಲ್ಲ ಅದೇ. ನನಗೆ ಹಿಡಿಸಲಿಲ್ಲ, ಯಾಕೆ ಅಂತ ಬಹಳ ದಿನ ಯೋಚಿಸಿದೆ. ಆ ಕಥೆ ನಿಂತಿರುವುದೇ ಅದರ ಮಾತಿನ ಮೇಲೆ. ಯಾವ ಮನೆಯವರು, ಯಾವ ಓಣಿಯವರು, ಯಾರು ಯಾರಿಗೆ ಬಹುವಚನ ಕೊಡುತ್ತಾರೆ ಅನ್ನುವುದರ ಮೇಲೆ. ಅದನ್ನು ಕನ್ನಡಕ್ಕೆ ತರಬೇಕಿದ್ದರೆ ಆಳಂದ, ಅಫಜಲಪುರದ ಮಾತಿಗೆ ತರಬೇಕಿತ್ತು. ಪಕ್ಕದ ಜಿಲ್ಲೆಯ ಕಥೆ ನಮ್ಮನ್ನು ದಾಟಿ ಬೆಂಗಳೂರಿಗೆ ಹೋಗಿ, ಅಲ್ಲಿನ ಕನ್ನಡ ಕಲಿತು ನಮ್ಮ ಹತ್ತಿರ ವಾಪಸ್ ಬಂತು. ಹಿಂದಿಯ 'ಧಡಕ್' ಇನ್ನೂ ದೂರ ಹೋಯಿತು, ಉದಯಪುರದ ಅರಮನೆಗೆ. ಅಲ್ಲಿ ಜಾತಿಯ ಮಾತು ಹಪ್ಪಳದಷ್ಟು ತೆಳ್ಳಗಾಯಿತು. ಕೊನೆಯ ರಕ್ತ ಮಾತ್ರ ಹಾಗೇ ಉಳಿಯಿತು. ಸಿಟ್ಟಿಗೆ ಕಾರಣ ತೆಗೆದು ಕೊಲೆ ಮಾತ್ರ ಇಟ್ಟುಕೊಂಡರೆ ಹೇಗೆ?

ನಮ್ಮ ಮಾತು ಸಿನಿಮಾದಲ್ಲಿ ಬಂದರೆ ನಗಿಸಲು ಬರುತ್ತದೆ. ಹಾಸ್ಯನಟ "ಏನ್ರಿಪಾ" ಅಂದರೆ ಚಪ್ಪಾಳೆ. ಈಚೆಗೆ ನೋಡಿದ್ದರಲ್ಲಿ ಹಾಗೆ ಮಾಡದೆ ಇದ್ದದ್ದು 'ಫೋಟೋ', 2024ರದು, ಉತ್ಸವ್ ಗೋನವಾರ ಅವರ ಸಿನಿಮಾ. ವಿಧಾನಸೌಧದ ಮುಂದೆ ಒಂದು ಫೋಟೋ ತೆಗೆಸಿಕೊಳ್ಳಬೇಕು ಅನ್ನುವ ರಾಯಚೂರು ಕಡೆಯ ಹುಡುಗ, ಬೆಂಗಳೂರಿನಲ್ಲಿ ದುಡಿಯುವ ಅಪ್ಪ, ಅಷ್ಟರಲ್ಲಿ ಲಾಕ್‌ಡೌನ್, ಊರಿಗೆ ನಡಿಗೆ. ಇದಕ್ಕೆ ಎರಡನೇ ಭಾಗ ಬರುವುದಿಲ್ಲ, ರೀಮೇಕೂ ಬರುವುದಿಲ್ಲ ಅನ್ನಿಸುತ್ತದೆ. ಆ ನಡಿಗೆ ನಮ್ಮವರು ಮೊದಲೇ ಮಾಡಿ ಮುಗಿಸಿದ್ದಾರೆ. ನೋಡದವರು ನೋಡಿ, ಇಷ್ಟೇ ಹೇಳುತ್ತೇನೆ.

ಎರಡನೇ ಭಾಗಗಳಿಗೆ ಬರುತ್ತೇನೆ, ಹುಡುಗರು ಗಡಿಯಾರ ನೋಡುತ್ತಿದ್ದಾರೆ.

ಎರಡನೇ ಭಾಗದಲ್ಲಿ ನನಗೆ ಕಾಣುವುದು ಮೂರು ಜಾತಿ. ಒಂದು, ಹೆಸರು ಮಾತ್ರ ಅದೇ, ಕಥೆ ಬೇರೆ, ನಿರ್ದೇಶಕರೂ ಬೇರೆ. 2006ರ 'ಮುಂಗಾರು ಮಳೆ'ಗೆ ಹತ್ತು ವರ್ಷ ಆದಮೇಲೆ ಬಂದ ಎರಡನೆಯದು ಹಾಗೆ. ಬೋರ್ಡ್ ಹಳೆಯದು, ಹೋಟೆಲ್ ಹೊಸದು. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇನ್ನೊಂದು, ಒಂದೇ ಕಥೆಯನ್ನು ಮೊದಲೇ ಎರಡು ತುಂಡು ಮಾಡಿದ್ದು. 'ಸಪ್ತ ಸಾಗರದಾಚೆ ಎಲ್ಲೋ' ಸೈಡ್ ಎ 2023ರ ಸೆಪ್ಟೆಂಬರ್ 1ಕ್ಕೆ, ಸೈಡ್ ಬಿ ನವೆಂಬರ್ 17ಕ್ಕೆ. ಎರಡೂವರೆ ತಿಂಗಳ ಇಂಟರ್‌ವಲ್! ಕ್ಯಾಸೆಟ್ ಕಾಲದವನಾದ ನನಗೆ ಆ ಹೆಸರೇ ಹಿಡಿಸಿತು, ತಿರುಗಿಸಿ ಹಾಕಿದ ಹಾಗೆ. ಮೊದಲರ್ಧದ ಪ್ರೀತಿ ಮನಸ್ಸಿನಲ್ಲಿ ಕೂತಿತು. ಎರಡನೆಯದರಲ್ಲಿ ನಾಯಕ ಮನು ಜೈಲಿಂದ ಹೊರಬಂದು ಹಳೆಯ ಹುಡುಗಿಯ ಬದುಕಿನ ಸುತ್ತ ಸುಳಿದಾಡುವಾಗ ನನ್ನ ಮಗಳು, "ಪಪ್ಪಾ, ಇದು ಪ್ರೀತಿ ಅಲ್ಲ, ಹಿಂದೆ ಬೀಳೋದು" ಅಂದಳು. ನಾನು ಒಪ್ಪಲಿಲ್ಲ. ಈಗ ಅರ್ಧ ಒಪ್ಪುತ್ತೇನೆ. 'ಕೆಜಿಎಫ್' ಕೂಡ ಎರಡು ತುಂಡೇ, ಆದರೆ ನಡುವೆ ಮೂರು ವರ್ಷದ ಮೇಲೆ ಆಯಿತು, 2018ರ ಡಿಸೆಂಬರ್, ಆಮೇಲೆ 2022ರ ಏಪ್ರಿಲ್. ಎರಡನೆಯದರ ಕೊನೆಗೆ ಮೂರನೆಯದರ ಸುಳಿವು ಬಿಟ್ಟಿದ್ದಾರೆ. ಸಮುದ್ರದಲ್ಲಿ ಮುಳುಗಿಸಿದವನನ್ನು ಎಬ್ಬಿಸಿ ತಂದರೆ ನನ್ನ ಕಣ್ಣೀರು ವಾಪಸ್ ಕೊಡಿ ಅಂತ ಕೇಳುವವನೇ ನಾನು.

ಇನ್ನೊಂದು ಜಾತಿ, ಹಿಂದಕ್ಕೆ ಹೋಗುವುದು. 'ಕಾಂತಾರ' 2022ರಲ್ಲಿ ಬಂದಾಗ ಬೇರೆ ಕಡೆಯವರು ದೈವ ಅಂದರೇನು ಅಂತ ಮೊಬೈಲಿನಲ್ಲಿ ಹುಡುಕುತ್ತಿದ್ದರು. ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಯಾದಗಿರಿ ಹತ್ತಿರದ ಮೈಲಾಪುರಕ್ಕೆ ಸಂಕ್ರಾಂತಿಗೆ ಹೋಗಿ ನೋಡಿ, ಭಂಡಾರದಲ್ಲಿ ಇಡೀ ಗುಡ್ಡ ಹಳದಿ, "ಏಳುಕೋಟಿಗೆ ಏಳುಕೋಟಿಗೆ" ಅನ್ನುವ ಕೂಗು, ಮೈಯೆಲ್ಲ ನಡುಗುತ್ತಾ ಕಬ್ಬಿಣದ ಸರಪಳಿ ಹರಿಯುವುದು. ಸಿನಿಮಾದ ಕೊನೆಯ ಇಪ್ಪತ್ತು ನಿಮಿಷ ನನ್ನ ಪಕ್ಕದಲ್ಲಿ ಕೂತಿದ್ದ ಮುದುಕ ಚಪ್ಪಲಿ ಬಿಟ್ಟು ಕಾಲು ಮಡಚಿ ಕೂತಿದ್ದ. 2025ರ ಅಕ್ಟೋಬರ್ 2ಕ್ಕೆ ಬಂದ 'ಚಾಪ್ಟರ್ 1' ಕದಂಬರ ಕಾಲಕ್ಕೆ ಹೋಯಿತು. ದೊಡ್ಡದು, ಚಂದ, ದುಡ್ಡು ಎಲ್ಲಿ ಹೋಯಿತು ಅಂತ ಕಣ್ಣಿಗೆ ಕಾಣುತ್ತದೆ. ಆದರೆ ಮೊದಲನೆಯದರಲ್ಲಿ ಫಾರೆಸ್ಟ್ ಆಫೀಸರನಿಗೂ ನಾಯಕ ಶಿವನಿಗೂ ಒಂದು ಬೇಲಿಯ ಜಗಳ ಇತ್ತು ನೋಡಿ, ನಮ್ಮ ನಿಮ್ಮ ಹೊಲದ ಬದುವಿನ ಜಗಳದ ಹಾಗೆ, ನನಗೆ ಅದು ಬೇಕಿತ್ತು. ರಾಜರು ಬಂದ ಕೂಡಲೇ ಬೇಲಿ ಸಣ್ಣದಾಯಿತು. ಹೊಸಾದು ಬಹಳ ಇತ್ತು, ಅತ್ತಿ ರೊಕ್ಕ ಕೊಡುತ್ತಿದ್ದರು. ಸ್ವಲ್ಪ ಗೊಣಗಿ ಕೊಡುತ್ತಿದ್ದರು.

ಈಗ ರೀಮೇಕ್ ಯಾಕೆ ಕಡಿಮೆಯಾಯಿತು ಅಂತ ಯಾರೋ ಚೀಟಿ ಕಳಿಸಿದ್ದಾರೆ. ಒಂದು ಕಾರಣ ಡಬ್ಬಿಂಗ್. ಕನ್ನಡದಲ್ಲಿ ಹಲವು ದಶಕ ಡಬ್ಬಿಂಗಿಗೆ ಅಘೋಷಿತ ನಿಷೇಧ ಇತ್ತು. 2015ರಲ್ಲಿ ಕೇಂದ್ರದ ಸ್ಪರ್ಧಾ ಆಯೋಗ ಅದು ತಪ್ಪು ಅಂದಿತು, ಬರಬರುತ್ತಾ ಬಾಗಿಲು ತೆರೆಯಿತು. ಬೇರೆ ಭಾಷೆಯ ಕಥೆಯನ್ನು ಕನ್ನಡದಲ್ಲಿ ಹೇಳುವುದೊಂದೇ ರೀಮೇಕಿನ ಕೆಲಸವಾಗಿದ್ದರೆ, ಆ ಕೆಲಸ ಈಗ ದನಿ ಕೊಡುವವರು ಮಾಡುತ್ತಾರೆ. ಇನ್ನೊಂದು ಕಾರಣ ಮೊಬೈಲು. 'ದೃಶ್ಯಂ 2' ಮಲಯಾಳದಲ್ಲಿ 2021ರ ಫೆಬ್ರವರಿಗೆ ನೇರ ಓಟಿಟಿಗೆ ಬಂತು, ಕನ್ನಡದ 'ದೃಶ್ಯ 2' ಥಿಯೇಟರಿಗೆ ಬಂದದ್ದು ಡಿಸೆಂಬರಿಗೆ. ಹತ್ತು ತಿಂಗಳು ಗುಟ್ಟು ಉಳಿಯುತ್ತದಾ? ನಮ್ಮ ಮನೆ ಎದುರಿನ ಕಿರಾಣಿ ಅಂಗಡಿಯವರಿಗೂ ಕೊನೆ ಗೊತ್ತಿತ್ತು.

ಆದರೂ ಆ ಕಥೆ ನನಗೆ ಬಹಳ ಇಷ್ಟ. ಕಡಿಮೆ ಓದಿದ ಕೇಬಲ್ ಆಪರೇಟರ್, ಕಲಿತದ್ದೆಲ್ಲ ಸಿನಿಮಾ ನೋಡಿ. ನನ್ನ ಅಣ್ಣನೇ ಅನ್ನಬೇಕು! ಮೂರನೇ ಭಾಗದ ಶೂಟಿಂಗ್ ಮಲಯಾಳದಲ್ಲಿ 2025ರಲ್ಲಿ ಶುರುವಾಯಿತು. ಮೊದಲ ಭಾಗವನ್ನು ಚೀನಾದವರೂ 2019ರಲ್ಲಿ ಮಾಡಿದ್ದಾರೆ, ಅಲ್ಲಿ ನಾಯಕ ಕೊನೆಗೆ ತಪ್ಪು ಒಪ್ಪಿಕೊಳ್ಳುತ್ತಾನೆ. ಇದನ್ನು ಕಲಬುರಗಿಯಲ್ಲಿ ತೆಗೆದರೆ ಹೇಗಿರುತ್ತದೆ ಅಂತ ರಾತ್ರಿ ನಿದ್ದೆ ಬರದಾಗ ನಾನು ಸುಮ್ನೆ ಕಟ್ಟುತ್ತಿರುತ್ತೇನೆ. ದೃಶ್ಯ ನೋಡದವರು ಕಿವಿ ಮುಚ್ಚಿಕೊಳ್ಳಿ.

ಮನೆಯವರ ಕೈಯಲ್ಲಾದ ಕೊಲೆ ಮುಚ್ಚಲು ನಾಯಕ ಪೊಲೀಸರ ಮುಂದೆ ಸುಳ್ಳು ಕಟ್ಟುತ್ತಾನೆ. ಕೊಲೆಯ ದಿನ ಮನೆಯವರೆಲ್ಲ ಎಲ್ಲಿದ್ದರು? ದತ್ತನ ಕ್ಷೇತ್ರ ಗಾಣಗಾಪುರದಲ್ಲಿ. ಬಸ್ ಟಿಕೆಟ್ ಇದೆ, ಲಾಡ್ಜ್ ರಸೀದಿ ಇದೆ, ಸಂಗಮದಲ್ಲಿ ಸ್ನಾನ ಮಾಡಿದ್ದೇವೆ, ಐದು ಮನೆಯಲ್ಲಿ ಮಾಧುಕರಿ ಭಿಕ್ಷೆ ಬೇಡಿದ್ದೇವೆ, ಬೇಕಿದ್ದರೆ ಕೇಳಿ. ಪೊಲೀಸರು ಕೇಳಲು ಹೋಗುತ್ತಾರೆ. ಅಲ್ಲಿ ಒಬ್ಬ ಅಜ್ಜಿ, "ಬಂದಿದ್ರು, ಆದ್ರ ಹುಣ್ಣಿಮಿ ದಿನ ಅಲ್ಲ, ಮರುದಿನ" ಅನ್ನುತ್ತಾಳೆ. ಇದನ್ನು ಹೇಗೋ ದಾಟಿಸಬಹುದು, ಅಜ್ಜಿಗೆ ಕಣ್ಣು ಮಂಜು ಅನ್ನಬಹುದು. ಹೆಣ ಹೂಳುವ ಜಾಗದ್ದೇ ತೊಂದರೆ. ಕಥೆಯಲ್ಲಿ ಅದನ್ನು ಹೂಳುವುದು ಕಟ್ಟುತ್ತಿರುವ ಪೊಲೀಸ್ ಸ್ಟೇಷನ್ನಿನ ನೆಲದಡಿ. ನಮ್ಮದು ಎರೆಮಣ್ಣು. ಮಳೆಗಾಲಕ್ಕೆ ಉಬ್ಬುತ್ತದೆ, ಏಪ್ರಿಲ್ ಮೇ ಬಂದರೆ ಕೈ ಹೋಗುವಷ್ಟು ಅಗಲ ಬಾಯಿ ಬಿಡುತ್ತದೆ. ನಮ್ಮ ಮನೆಯ ಹಾಲಿನ ಫರ್ಶಿ ಎರಡನೇ ವರ್ಷಕ್ಕೇ ಸೀಳಿತು, ಮೇಸ್ತ್ರಿಯನ್ನು ಕೇಳಿದರೆ "ಮಣ್ಣು ಹಂಗೇ ಅದರಿ, ನಾ ಏನ್ ಮಾಡ್ಲಿ" ಅಂದ. ಸ್ಟೇಷನ್ ನೆಲವೂ ಸೀಳದೆ ಇರುತ್ತದಾ? ಒಂದು ಬೇಸಿಗೆ ಕಳೆಯುವುದರೊಳಗೆ ಸಬ್ ಇನ್‌ಸ್ಪೆಕ್ಟರ್ ಕುರ್ಚಿಯ ಕಾಲು ಬಿರುಕಿನಲ್ಲಿ ಸಿಕ್ಕಿಕೊಳ್ಳುತ್ತದೆ, ಅವನು ಬಗ್ಗಿ ನೋಡುತ್ತಾನೆ, ಮೇಸ್ತ್ರಿಗೆ ಫೋನ್ ಮಾಡುತ್ತಾನೆ. ಅಷ್ಟರಲ್ಲಿ ಸ್ಟೇಷನ್ನಿನ ಕೇಬಲ್ ರಿಪೇರಿ ಅಂತ ನಮ್ಮ ನಾಯಕ ಬಾಗಿಲಲ್ಲಿ ನಿಂತಿರುತ್ತಾನೆ, ಕೈಯಲ್ಲಿ ವೈರಿನ ಸುರುಳಿ.

ಇಲ್ಲಿಗೆ ಇಂಟರ್‌ವಲ್. ಮುಂದಿನದು ನನಗೂ ಹೊಳೆದಿಲ್ಲ, ನಿಮಗೆ ಹೊಳೆದರೆ ಹೇಳಿ. ಆ ಕಡೆ ಚಹಾ ಬಂದಿದೆ, ಮಿರ್ಚಿ ಭಜಿಯೂ ಇದೆಯಂತೆ.