ರೂಮ್ ಹಿಡಿಯುವ ಮೊದಲು ಪಾರ್ಕಿಂಗ್ ನೋಡಿ

[ದೃಶ್ಯ: ಧಾರವಾಡ, ಸಪ್ತಾಪುರದ ಒಂದು ಓಣಿ. ಮೂರು ಅಂತಸ್ತಿನ ಕಟ್ಟಡ. ಕೆಳಗೆ ಸಾಲಾಗಿ ಬೈಕುಗಳು, ಗೇಟಿಗೆ ‘ರೂಮ್ ಖಾಲಿ ಇದೆ’ ಎಂಬ ಬೋರ್ಡ್.]

ನಮಸ್ಕಾರ. ಧಾರವಾಡದಲ್ಲಿ ರೂಮ್ ಹುಡುಕುವವರು ಏನೇನು ಕೇಳುತ್ತಾರೆ? ಬಾಡಿಗೆ ಎಷ್ಟು, ಡಿಪಾಸಿಟ್ ಎಷ್ಟು, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಖಾನಾವಳಿ ಹತ್ತಿರ ಇದೆಯಾ. ಮೆಟ್ಟಿಲಿನ ಬಗ್ಗೆ ಯಾರೂ ಕೇಳುವುದಿಲ್ಲ. ಇವತ್ತು ಅದೇ ಮಾತು. ಸಪ್ತಾಪುರದಲ್ಲಿ ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವವರಿಗೆ, ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಾಲ್ಕು ಜನ ಸೇರಿ ಫ್ಲಾಟ್ ಹಿಡಿದ ಇಂಜಿನಿಯರಿಂಗ್ ಹುಡುಗರಿಗೆ, ಪಿಜಿಯಲ್ಲಿರುವ ಹುಡುಗಿಯರಿಗೆ.

ಬೆಂಕಿ ಮತ್ತು ಭೂಕಂಪ. ಎರಡರಲ್ಲಿ ಮಾಡಬೇಕಾದದ್ದು ಉಲ್ಟಾ. ಬೆಂಕಿ ಬಿದ್ದರೆ ಹೊರಗೆ ಹೋಗಬೇಕು. ನೆಲ ಅಲುಗಿದರೆ ಅಲುಗಾಟ ನಿಲ್ಲುವ ತನಕ ಒಳಗೇ ಇರಬೇಕು. ಆದರೆ ಎರಡರಲ್ಲೂ ನೀವು ಉಳಿಯುತ್ತೀರೋ ಇಲ್ಲವೋ ಅನ್ನೋದು ಬಹಳಷ್ಟು ಸಲ ತೀರ್ಮಾನವಾಗುವುದು ಒಂದೇ ಜಾಗದಲ್ಲಿ. ನಿಮ್ಮ ರೂಮಿನಲ್ಲಲ್ಲ, ಕೆಳಗಿನ ಪಾರ್ಕಿಂಗ್‌ನಲ್ಲಿ.

[ದೃಶ್ಯ: ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡ್. ಪಕ್ಕದಲ್ಲೇ ಬೈಕುಗಳು.]

2023ರ ಜೂನ್ 15. ದೆಹಲಿಯ ಮುಖರ್ಜಿ ನಗರ. ಅದೂ ನಮ್ಮ ಸಪ್ತಾಪುರದ ಥರದ್ದೇ ಜಾಗ, ಎಲ್ಲಿ ನೋಡಿದರೂ ಕೋಚಿಂಗ್ ಸೆಂಟರ್. ಒಂದು ಕಟ್ಟಡದ ವಿದ್ಯುತ್ ಮೀಟರ್‌ಗೆ ಬೆಂಕಿ ಹತ್ತಿಕೊಂಡಿತು. ಮೇಲಿದ್ದ ವಿದ್ಯಾರ್ಥಿಗಳು ಕಿಟಕಿಯಿಂದ ಹೊರಬಂದು ವೈರು ಹಿಡಿದು ಜಾರಿ ಇಳಿದರು. ಆ ವಿಡಿಯೋ ನೀವೂ ನೋಡಿರಬಹುದು. ಅವರ ಪುಣ್ಯ, ಜೀವ ಉಳಿಯಿತು. ಅದಕ್ಕೂ ಮುಂಚೆ, 2019ರ ಮೇ 24ರಂದು ಸೂರತ್‌ನ ತಕ್ಷಶಿಲಾ ಆರ್ಕೇಡ್ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಹಾಗಾಗಲಿಲ್ಲ. ಕೋಚಿಂಗ್‌ಗೆ ಬಂದಿದ್ದ 22 ವಿದ್ಯಾರ್ಥಿಗಳು ತೀರಿಕೊಂಡರು.

ಹೊಗೆ ಬಿಸಿಯಾಗಿರುತ್ತದೆ, ಮೇಲಕ್ಕೇ ಹೋಗುತ್ತದೆ. ಕೆಳಗೆ ಬೆಂಕಿ ಬಿದ್ದರೆ ಮೆಟ್ಟಿಲಿನ ಜಾಗವೇ ಅದಕ್ಕೆ ಚಿಮಣಿ. ನೀವು ಇಳಿಯಬೇಕಾದ ದಾರಿಯಲ್ಲೇ ಅದು ಏರಿ ಬರುತ್ತದೆ. ಬೆಂಕಿ ಅವಘಡದಲ್ಲಿ ಜಾಸ್ತಿ ಜನರನ್ನು ಕೊಲ್ಲುವುದು ಉರಿ ಅಲ್ಲ, ಹೊಗೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ.

ಈಗ ನಿಮ್ಮ ಕಟ್ಟಡದ ಕೆಳಗೆ ಇಳಿದು ನೋಡಿ. ಮೀಟರ್ ಬೋರ್ಡ್ ಮೆಟ್ಟಿಲ ಕೆಳಗೇ ಇದೆಯಾ? ಅದಕ್ಕೆ ಒತ್ತಿಕೊಂಡು ಪೆಟ್ರೋಲ್ ತುಂಬಿದ ಬೈಕುಗಳು ನಿಂತಿವೆಯಾ? ಯಾರೋ ಎಕ್ಸ್‌ಟೆನ್ಷನ್ ವೈರ್ ಎಳೆದು ರಾತ್ರಿಯಿಡೀ ಇ-ಸ್ಕೂಟರ್ ಚಾರ್ಜ್‌ಗೆ ಹಾಕಿದ್ದಾರಾ? ಮೂಲೆಯಲ್ಲಿ ಹಳೇ ಗಾದಿ, ಪೇಪರ್ ಕಟ್ಟು? ಒಂದೊಂದೇ ನೋಡಿದರೆ ದೊಡ್ಡ ವಿಷಯ ಅನಿಸುವುದಿಲ್ಲ. ಎಲ್ಲವೂ ನೀವು ಇಳಿಯುವ ಏಕೈಕ ದಾರಿಯಲ್ಲಿ ಒಟ್ಟಿಗೆ ಇರುವುದೇ ತೊಂದರೆ. ಬೈಕುಗಳನ್ನು ಮೀಟರ್‌ನಿಂದ ದೂರ ನಿಲ್ಲಿಸೋಣ ಅಂತ ಎಲ್ಲ ರೂಮಿನವರು ಸೇರಿ ಒಪ್ಪಿಕೊಳ್ಳಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ನೀರಿನ ಬ್ಯಾರಲ್ ಬಗ್ಗೆಯೂ ಹೇಳಬೇಕು. ನಮ್ಮ ಅವಳಿ ನಗರದ ಎಷ್ಟೋ ಓಣಿಗಳಲ್ಲಿ ನೀರು ದಿನಾ ಬರುವುದಿಲ್ಲ, ಹಾಗಾಗಿ ಬ್ಯಾರಲ್ ಇಡಬೇಡಿ ಅಂದರೆ ನೀವು ನಗುತ್ತೀರಿ. ಇಡಿ, ಆದರೆ ಪಾಸೇಜಿನಲ್ಲಿ ಬೇಡ. ಕತ್ತಲೆಯಲ್ಲಿ, ಹೊಗೆಯಲ್ಲಿ, ಎಂಟು ಜನ ಒಟ್ಟಿಗೆ ಇಳಿಯುವಾಗ ಅದಕ್ಕೇ ಎಡವುತ್ತೀರಿ.

[ದೃಶ್ಯ: ರಾತ್ರಿ. ಕೀಲಿ ಹಾಕಿದ ಗೇಟ್.]

ಇನ್ನು ಗೇಟು. ರಾತ್ರಿ ಹತ್ತಾದರೆ ಮಾಲಕರು ಕೀಲಿ ಹಾಕಿ, ಚಾವಿ ತಗೊಂಡು ಮಲಗುತ್ತಾರೆ. ಹುಡುಗಿಯರ ಪಿಜಿಯಲ್ಲಂತೂ ಇದೇ ದೊಡ್ಡ ಸುರಕ್ಷತೆ ಅಂತ ಅಪ್ಪ ಅಮ್ಮನಿಗೂ ಹೇಳಿರುತ್ತಾರೆ. ಕಳ್ಳ ಬರದ ಹಾಗೆ ಮಾಡಿದ ಗೇಟು ನೀವು ಹೊರಗೆ ಹೋಗದ ಹಾಗೂ ಮಾಡುತ್ತದೆ. 2010ರಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಬಿದ್ದು 9 ಜನ ಸತ್ತಾಗಲೂ, ತುರ್ತು ಬಾಗಿಲುಗಳಿಗೆ ಬೀಗ ಇತ್ತು ಅನ್ನೋದೇ ದೊಡ್ಡ ದೂರು. ಜಗಳ ಬೇಡ. ಹೀಗೆ ಕೇಳಿ: “ಅಂಕಲ್, ಗೇಟ್ ಕೀಲಿ ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಇನ್ನೊಂದು ಚಾವಿ ಒಳಗ ಗ್ವಾಡಿಗೆ ತೂಗು ಹಾಕೂಣ್ರಿ.” ಒಳಗಿನಿಂದ ಚಾವಿ ಇಲ್ಲದೇ ತೆರೆಯುವ ಚಿಲಕ ಇದ್ದರೆ ಇನ್ನೂ ಒಳ್ಳೆಯದು. ಹಾಗೆಯೇ ರೂಮಿನ ಕಿಟಕಿಯ ಗ್ರಿಲ್‌ಗಳಲ್ಲಿ ಒಂದಾದರೂ ತೆರೆಯುವಂತಿದೆಯಾ ನೋಡಿ.

[ದೃಶ್ಯ: ರೂಮಿನ ಒಳಗೆ. ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಇಂಡಕ್ಷನ್ ಒಲೆ, ಲ್ಯಾಪ್‌ಟಾಪ್, ಫೋನ್.]

ರೂಮಿನೊಳಗೆ ಬರೋಣ. ಇಲ್ಲಿ ಸ್ವಲ್ಪ ಲೆಕ್ಕ ಇದೆ. ಗೋಡೆಯ ಸಣ್ಣ ಸಾಕೆಟ್ 6 ಆಂಪಿಯರ್‌ನದು. ನಮ್ಮಲ್ಲಿ ವೋಲ್ಟೇಜ್ 230. ಗುಣಿಸಿದರೆ 1380 ವಾಟ್. ಅದರ ಮಿತಿ ಅಷ್ಟೇ. ನೀವು ಚಹಾ ಮಾಡುವ ಇಂಡಕ್ಷನ್ ಒಲೆ 2000 ವಾಟ್‌ನದಾದರೆ ಎಳೆಯುವುದು ಸುಮಾರು 8.7 ಆಂಪಿಯರ್. ಬಕೆಟ್ಟಿಗೆ ಹಾಕುವ 1500 ವಾಟ್‌ನ ಕಾಯಿಲ್ ಕೂಡ ಆರೂವರೆ ದಾಟುತ್ತದೆ. ದೊಡ್ಡ ಪಿನ್ ಸಣ್ಣ ಸಾಕೆಟ್ಟಿಗೆ ಹೋಗದಂತೆ ಮಾಡಿರುವುದು ಇದಕ್ಕೇ. ನಾವು ಮೂವತ್ತು ನಲವತ್ತು ರೂಪಾಯಿಯ ಕನ್ವರ್ಟರ್ ತಂದು ಹೋಗುವಂತೆ ಮಾಡುತ್ತೇವೆ! ಒಳಗಿನ ವೈರ್ ಬಿಸಿಯಾಗುತ್ತದೆ, ಇನ್ಸುಲೇಷನ್ ಕರಗುತ್ತದೆ, ಎಲ್ಲವೂ ಗೋಡೆಯ ಒಳಗೆ, ನಿಮಗೆ ಕಾಣದ ಹಾಗೆ. ಸಾಕೆಟ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ, ಅವತ್ತೇ ಬಳಕೆ ನಿಲ್ಲಿಸಿ. ಎಂಸಿಬಿ, ಅಂದರೆ ಲೋಡ್ ಜಾಸ್ತಿಯಾದರೆ ತಾನಾಗಿಯೇ ಕರೆಂಟ್ ಕಡಿಯುವ ಸ್ವಿಚ್, ಪದೇ ಪದೇ ಬೀಳುತ್ತಿದೆಯಾ? ಅದನ್ನು ಸುಮ್ನೆ ಮೇಲೆತ್ತುತ್ತಾ ಇರಬೇಡಿ. ಮತ್ತೆ, ಕಾಯಿಲ್ ಹಾಕಿ ಕ್ಲಾಸಿಗೆ ಹೋಗುವವರೇ, ನೀರು ಆವಿಯಾದ ಮೇಲೆ ಪ್ಲಾಸ್ಟಿಕ್ ಬಕೆಟ್ಟಿನ ಗತಿ ಏನು ಅಂತ ಯೋಚಿಸಿ.

ಗ್ಯಾಸ್ ಬಳಸುವವರಿಗೆ ಒಂದೇ ಮಾತು ನೆನಪಿರಲಿ: ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡಿ ಕೂರುತ್ತದೆ. ವಾಸನೆ ಬಂದರೆ ಲೈಟ್ ಹಾಕಬೇಡಿ, ಆರಿಸಲೂ ಬೇಡಿ. ಸ್ವಿಚ್‌ನ ಸಣ್ಣ ಕಿಡಿಯೂ ಸಾಕು. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ಒಲೆ ಆರಿಸಿ, ತಾಟು ಮುಚ್ಚಿ, ತಣ್ಣಗಾಗುವ ತನಕ ತೆಗೆಯಬೇಡಿ.

ಬೆಂಕಿ ಬಿದ್ದೇಬಿಟ್ಟಿತು ಅಂತಿಟ್ಟುಕೊಳ್ಳಿ. ಕೂಗಿ ಎಲ್ಲರನ್ನೂ ಎಬ್ಬಿಸಿ. ಬಾಗಿಲನ್ನು ಅಂಗೈ ಹಿಂಭಾಗದಿಂದ ಮುಟ್ಟಿ ನೋಡಿ. ಬಿಸಿ ಇಲ್ಲ, ಮೆಟ್ಟಿಲಲ್ಲಿ ಹೊಗೆ ಇಲ್ಲ ಅಂದರೆ ಇಳಿಯಿರಿ. ಮಾರ್ಕ್ಸ್‌ಕಾರ್ಡ್, ಲ್ಯಾಪ್‌ಟಾಪ್ ಹುಡುಕುತ್ತಾ ನಿಲ್ಲಬೇಡಿ. ಬಾಗಿಲು ಎಳೆದುಕೊಂಡು ಹೋಗಿ, ಮುಚ್ಚಿದ ಬಾಗಿಲು ಹೊಗೆಯನ್ನು ಒಂದಷ್ಟು ಹೊತ್ತು ತಡೆಯುತ್ತದೆ. ಮೆಟ್ಟಿಲು ಹೊಗೆಯಿಂದ ತುಂಬಿದ್ದರೆ ಅದರೊಳಗೆ ನುಗ್ಗಬೇಡಿ. ವಾಪಸ್ ಬಂದು ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ, ಬೀದಿ ಕಡೆಯ ಕಿಟಕಿಯಲ್ಲಿ ನಿಂತು ಬಟ್ಟೆ ಬೀಸಿ. ಆ ಬ್ಯಾರಲ್ ನೀರು ಆಗ ಕೆಲಸಕ್ಕೆ ಬರುತ್ತದೆ.

[ದೃಶ್ಯ: ನಕಾಶೆ. ಧಾರವಾಡ, ಕೊಯ್ನಾ, ಕಿಲ್ಲಾರಿ.]

ಈಗ ಭೂಕಂಪ. ‘ನಮ್ಮ ಕಡೆ ಅದೆಲ್ಲ ಆಗಲ್ಲ’ ಅನ್ನುತ್ತೀರಿ, ಅಲ್ವಾ? ಪೂರ್ತಿ ಸುಳ್ಳೇನಲ್ಲ. ನಮಗೆ ಬೆಂಕಿಯ ಅಪಾಯವೇ ಜಾಸ್ತಿ. ಆದರೆ ಭೂಕಂಪ ತಾಳುವಂತೆ ಕಟ್ಟಡ ಕಟ್ಟಲು ಇರುವ ಭಾರತೀಯ ಮಾನದಂಡ ಐಎಸ್ 1893ರ 2016ರ ಪಟ್ಟಿಯಲ್ಲಿ ಬೆಂಗಳೂರು ಎರಡನೇ ವಲಯದಲ್ಲಿದ್ದರೆ ಧಾರವಾಡ ಇರುವುದು ಮೂರನೇ ವಲಯದಲ್ಲಿ. ವಲಯದ ನಂಬರ್ ಏರಿದಷ್ಟೂ ಅಪಾಯ ಜಾಸ್ತಿ. ಪಕ್ಕದ ಮಹಾರಾಷ್ಟ್ರದಲ್ಲಿ 1967ರಲ್ಲಿ ಕೊಯ್ನಾ ಭೂಕಂಪ ಆಯಿತು. ಅಲ್ಲೇ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪ ಆಯಿತು, ಸುಮಾರು ಹತ್ತು ಸಾವಿರ ಜನ ಹೋದರು. ಆಗಿನ ನಕಾಶೆಯಲ್ಲಿ ಆ ಜಾಗ ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯದಲ್ಲಿತ್ತು.

ಇಲ್ಲೂ ಪಾರ್ಕಿಂಗ್ ಮಾತು ಬರುತ್ತದೆ. 2001ರ ಭುಜ್ ಭೂಕಂಪದಲ್ಲಿ, ಕೇಂದ್ರದಿಂದ 200 ಕಿಲೋಮೀಟರ್‌ಗೂ ದೂರದ ಅಹಮದಾಬಾದಿನಲ್ಲಿ ಅಪಾರ್ಟ್‌ಮೆಂಟ್‌ಗಳು ಕುಸಿದವು. ಅವುಗಳಲ್ಲಿ ಬಹಳಷ್ಟು, ಪಾರ್ಕಿಂಗ್‌ಗಾಗಿ ಕೆಳಗೆ ಬರೀ ಕಂಬ ಬಿಟ್ಟು ಕಟ್ಟಿದಂಥವು. ಮೇಲಿನ ಅಂತಸ್ತುಗಳಲ್ಲಿ ಗೋಡೆಗಳಿವೆ, ಗಟ್ಟಿ. ಕೆಳಗೆ ಗೋಡೆಯೇ ಇಲ್ಲ. ಅಲುಗಾಟದ ಭಾರವೆಲ್ಲ ಆ ಕಂಬಗಳ ಮೇಲೆ. ಹಾಗಂತ ಪಾರ್ಕಿಂಗ್ ಇರುವ ಕಟ್ಟಡವೆಲ್ಲ ಬೀಳುತ್ತದೆ ಅಂತಲ್ಲ. ಸರಿಯಾಗಿ ಲೆಕ್ಕ ಹಾಕಿ ಕಟ್ಟಿದ್ದರೆ ನಿಲ್ಲುತ್ತದೆ. ಆದರೆ ಕಂಬದಲ್ಲಿ ಓರೆ ಬಿರುಕು, ಸಿಮೆಂಟ್ ಉದುರಿ ತುಕ್ಕು ಹಿಡಿದ ಕಬ್ಬಿಣ, ಹಳೇ ಕಟ್ಟಡದ ಮೇಲೆ ಹೊಸದಾಗಿ ಏರಿಸಿದ ಅಂತಸ್ತು ಕಂಡರೆ ಬೇರೆ ರೂಮ್ ನೋಡಿ. ಭೂಕಂಪವೇ ಬೇಕು ಅಂತಿಲ್ಲ. 2019ರ ಮಾರ್ಚ್ 19ರಂದು ಇದೇ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ತಾನಾಗಿಯೇ ಕುಸಿದು 19 ಜನ ಸತ್ತರು.

ನೆಲ ಅಲುಗಿದಾಗ ಮೆಟ್ಟಿಲಿಗೆ ಓಡಬೇಡಿ. ಗಟ್ಟಿ ಮೇಜಿನ ಕೆಳಗೆ ಕುಕ್ಕರುಗಾಲಲ್ಲಿ ಕೂತು, ಅದರ ಕಾಲು ಹಿಡಿದುಕೊಳ್ಳಿ. ಮೇಜಿಲ್ಲದಿದ್ದರೆ ಒಳಗೋಡೆಯ ಪಕ್ಕ ಕೂತು ತಲೆ, ಕುತ್ತಿಗೆ ಮುಚ್ಚಿಕೊಳ್ಳಿ. ಪುಸ್ತಕದ ರ‍್ಯಾಕ್, ಕಿಟಕಿ ಗಾಜಿನಿಂದ ದೂರ ಇರಿ. ಮಾಳಮಡ್ಡಿಯ ಕಡೆ ಹಳೇ ಹಂಚಿನ ಮನೆಯಲ್ಲೋ, ಹಳ್ಳಿಯ ಕಲ್ಲು ಮಣ್ಣಿನ ಮಾಳಿಗೆ ಮನೆಯಲ್ಲೋ ಇದ್ದು, ಬಾಗಿಲು ಎರಡು ಹೆಜ್ಜೆ ದೂರದಲ್ಲಿದ್ದರೆ ಮಾತ್ರ ಹೊರಗಿನ ಬಯಲಿಗೆ ಓಡಬಹುದು. ಕಿಲ್ಲಾರಿಯಲ್ಲಿ ಜನ ಸತ್ತದ್ದು ಅಂಥ ದಪ್ಪ ಕಲ್ಲುಗೋಡೆ, ಭಾರದ ಮಾಳಿಗೆ ಮೈಮೇಲೆ ಬಿದ್ದು. ಅಲುಗಾಟ ನಿಂತ ಮೇಲೆ ಗ್ಯಾಸ್, ಮೇನ್ ಸ್ವಿಚ್ ಬಂದ್ ಮಾಡಿ ಮೆಟ್ಟಿಲಿಳಿಯಿರಿ. ಗ್ಯಾಸ್ ವಾಸನೆ ಇದ್ದರೆ ಸ್ವಿಚ್ ತಂಟೆ ಬೇಡ. ಪಾರ್ಕಿಂಗ್‌ನಲ್ಲಿ ಗುಂಪುಗೂಡಬೇಡಿ, ಮತ್ತೆ ಅಲುಗಬಹುದು. ಮೈದಾನಕ್ಕೆ ಹೋಗಿ.

[ದೃಶ್ಯ: ಫೋನ್ ಪರದೆ. 112.]

ಫೋನ್ ಮಾಡಬೇಕಾದ ನಂಬರ್ 112. ಆ ಕಡೆಯವರು ಮೊದಲು ಕೇಳುವುದು ಜಾಗ. ‘ಜುಬಿಲಿ ಸರ್ಕಲ್ ಹತ್ತಿರ’ ಅಂದರೆ ಅಗ್ನಿಶಾಮಕ ವಾಹನ ಯಾವ ಓಣಿಗೆ ಬರಬೇಕು? ಎಷ್ಟೋ ಜನಕ್ಕೆ ತಾವಿರುವ ಬಿಲ್ಡಿಂಗಿನ ಹೆಸರು, ಕ್ರಾಸ್ ನಂಬರ್ ಗೊತ್ತಿರುವುದಿಲ್ಲ, ಪಾರ್ಸೆಲ್‌ಗೂ ಲೊಕೇಶನ್ ಕಳಿಸಿ ರೂಢಿ. ವಿಡಿಯೋ ನಿಲ್ಲಿಸಿ, ಪಕ್ಕದಲ್ಲಿರುವ ರೂಮ್‌ಮೇಟ್‌ಗೆ ಫೋನ್ ನೋಡದೇ ಪೂರ್ತಿ ವಿಳಾಸ ಹೇಳಲು ಹೇಳಿ. ಬರಲಿಲ್ಲ ಅಂದರೆ ದಪ್ಪ ಅಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ.