ಸೂಜಿ ಚುಚ್ಚಿದ ಹಾಳೆ: ಅಕ್ಕಸಾಲಿಗರ ಮಾದರಿ ಅಚ್ಚುಚಿತ್ರಗಳು

ಎಲ್ಲರಿಗೂ ನಮಸ್ಕಾರ.

ಜರ್ಮನಿಯ ಝೋಸ್ಟ್ ಪಟ್ಟಣದಲ್ಲಿ ಹೈನ್ರಿಷ್ ಆಲ್ಡೆಗ್ರೇವರ್ 1530ರ ದಶಕದಲ್ಲಿ ಕಠಾರಿ ಒರೆಗಳ ವಿನ್ಯಾಸಗಳನ್ನು ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿಸಿದ. ಗೋಡೆಗೆ ತೂಗುಹಾಕುವ ಚಿತ್ರಗಳಲ್ಲ ಇವು. ಊರೂರಿನ ಕುಶಲಕರ್ಮಿಗಳು ಕೊಂಡು, ಎದುರಿಗಿಟ್ಟುಕೊಂಡು ಕೆಲಸ ಮಾಡಲು ಒದಗುತ್ತಿದ್ದ ಮಾದರಿಗಳು.

ಹಾಳೆಯ ಮೇಲಿನ ಬಳ್ಳಿ ಬೆಳ್ಳಿಗೆ ಇಳಿಯುವುದು ಹೇಗೆ? ಅಚ್ಚುಚಿತ್ರದ ಕೆಳಗೆ ಇನ್ನೊಂದು ಖಾಲಿ ಹಾಳೆ ಇಟ್ಟು, ಗೆರೆಗುಂಟ ಸೂಜಿಯಿಂದ ಒತ್ತೊತ್ತಾಗಿ ಚುಚ್ಚುತ್ತಿದ್ದರು. ಆಮೇಲೆ ಆ ತೂತಿನ ಹಾಳೆಯನ್ನು ಲೋಹದ ಮೇಲೆ ಹಾಸಿ, ನುಣ್ಣಗೆ ಅರೆದ ಇದ್ದಿಲಪುಡಿಯ ಬಟ್ಟೆಗಂಟಿನಿಂದ ಮೆಲ್ಲಗೆ ತಟ್ಟಿದರೆ ಚುಕ್ಕೆಗಳು ಮೂಡುತ್ತವೆ. ನಮ್ಮಲ್ಲಿ ರವಿಕೆ ಕಸೂತಿಗೆ ಡಿಸೈನ್ ಇಳಿಸುವವರು ಬಟರ್ ಪೇಪರ್ ಚುಚ್ಚುವುದೂ ಇದೇ ಉಪಾಯ. ಬಟ್ಟೆಯಲ್ಲಿ ಪುಡಿ ಹಿಡಿದುಕೊಳ್ಳುತ್ತದೆ. ನುಣುಪು ಬೆಳ್ಳಿಯಲ್ಲಿ ಒಂದು ಉಸಿರಿಗೇ ಹಾರಿಹೋಗುತ್ತದೆ. ಅದಕ್ಕೇ ಮೊದಲು ತೆಳ್ಳಗೆ ಮೇಣ ಸವರಬೇಕು, ಚುಕ್ಕೆ ಬಿದ್ದ ಕೂಡಲೇ ಮೊನೆಯಿಂದ ಗೆರೆ ಕೂಡಿಸಬೇಕು.

ಇಲ್ಲಿ ಎರಡು ಕಡೆ ಕೈ ತಪ್ಪುತ್ತದೆ. ಅಚ್ಚು ಹಾಕುವಾಗ ಕಾಗದ ಒದ್ದೆಯಾಗಿರುತ್ತದೆ. ಒಣಗಿದ ಮೇಲೆ ಕುಗ್ಗುತ್ತದೆ, ಅದೂ ಎಲ್ಲ ದಿಕ್ಕಿಗೂ ಒಂದೇ ಸಮ ಅಲ್ಲ. ಬಟ್ಟಲಿನ ಸುತ್ತ ಬರಬೇಕಾದ ಪಟ್ಟಿಯ ಎರಡು ತುದಿಗಳು ಆಗ ಕೂಡುವುದೇ ಇಲ್ಲ. ಎರಡನೆಯದು ಇನ್ನೂ ಕಷ್ಟದ್ದು. ಕಾಗದ ಚಪ್ಪಟೆ, ಬಟ್ಟಲು ಉಬ್ಬು. ಇಡೀ ಹಾಳೆ ಸುತ್ತಿದರೆ ಹೊಟ್ಟೆಯ ಹತ್ತಿರ ಎಲೆಗಳ ನಡುವೆ ಬಿರುಕು, ಪಾದದ ಹತ್ತಿರ ನೆರಿಗೆ. ಅನುಭವಿ ಕೆಲಸಗಾರ ವಿನ್ಯಾಸವನ್ನು ತುಂಡುಗಳಾಗಿ ಕತ್ತರಿಸಿ, ನಡುವೆ ಉಳಿದ ಜಾಗಕ್ಕೆ ತನ್ನದೇ ಒಂದು ಎಲೆ, ಒಂದು ಸುರುಳಿ ಸೇರಿಸುತ್ತಿದ್ದ. ನಕಲು ಎಂದು ಹಗುರವಾಗಿ ತಳ್ಳಿಬಿಡುವ ಈ ಕೆಲಸದಲ್ಲಿ ನಿಜವಾದ ಕುಶಲತೆ ಇದ್ದದ್ದು ಆ ಸೇರ್ಪಡೆಯಲ್ಲೇ ಎಂದು ನಾನು ನಂಬುತ್ತೇನೆ.

ಎಡ-ಬಲದ ಮಾತು ಬೇರೆ. ತಗಡಿನಲ್ಲಿ ಕೊರೆದದ್ದು ಕಾಗದದಲ್ಲಿ ತಿರುವುಮುರುವಾಗುತ್ತದೆ. ಬಳ್ಳಿಗೆ ಅದರಿಂದ ನಷ್ಟವಿಲ್ಲ, ಆದರೆ ಯೋಧನ ಕತ್ತಿ ಎಡಗೈಗೆ ಹೋಗುತ್ತದೆ. ಬೇರೊಬ್ಬ ಅಚ್ಚುಗಾರ ಆ ಹಾಳೆಯನ್ನು ಹಾಗೇ ನೋಡಿ ಹೊಸ ತಗಡು ಕೊರೆದರೆ ಚಿತ್ರ ಮತ್ತೆ ತಿರುಗುತ್ತದೆ. ಫ್ರಾನ್ಸಿನ ಲಿಮೋಜ್ ಪಟ್ಟಣದ ಪಿಯೆರ್ ರೇಮೊಂ ತನ್ನ ಎನಾಮಲ್ ಕೆಲಸಕ್ಕೆ, ಅಂದರೆ ಲೋಹದ ಮೇಲೆ ಬಣ್ಣದ ಗಾಜಿನ ಪುಡಿ ಕರಗಿಸಿ ಚಿತ್ರ ಮೂಡಿಸುವ ಕೆಲಸಕ್ಕೆ, ಫ್ರೆಂಚ್ ಅಚ್ಚುಗಾರ ಎತಿಯೆನ್ ದಲೋನ್‌ನ ಅಚ್ಚುಚಿತ್ರಗಳನ್ನು ಬಳಸಿದ್ದ. ಇಂಥ ಕೆಲಸಗಳಲ್ಲಿ ಆಕೃತಿಗಳ ದಿಕ್ಕು ನೋಡಿದರೆ, ಕೆಲಸಗಾರನ ಮುಂದಿದ್ದದ್ದು ಮೂಲ ಹಾಳೆಯೋ ಅದರ ಮರುಕೊರೆತವೋ ಎಂಬುದಕ್ಕೆ ಒಂದು ಸುಳಿವು ಸಿಗುತ್ತದೆ.

1580ರ ದಶಕದ ನ್ಯೂರೆಂಬರ್ಗ್‌ನಲ್ಲಿ ಬೆರ್ನ್‌ಹಾರ್ಡ್ ಜಾನ್ ಇನ್ನೂ ನೇರವಾದ ದಾರಿ ಹಿಡಿದ. ಅಕ್ಕಸಾಲಿಗರ ಮೊಳೆ-ಸುತ್ತಿಗೆಯಿಂದಲೇ ಅಚ್ಚಿನ ತಗಡಿಗೆ ಚುಕ್ಕೆ ಹೊಡೆದು ಬಟ್ಟಲುಗಳ ವಿನ್ಯಾಸ ಮೂಡಿಸಿದ.

ಇಂಥ ಹಾಳೆಗಳು ಕೆಲಸದಲ್ಲೇ ಸವೆದುಹೋದವು. ಸಂಗ್ರಹಾಲಯಗಳಲ್ಲಿ ಶುಭ್ರವಾಗಿ ಉಳಿದವುಗಳಲ್ಲಿ ಹೆಚ್ಚಿನವು ಯಾರೂ ಬಳಸದೇ ಇದ್ದವು. ನಿಮ್ಮ ಕೈಗೆ ಹಳೆಯದೊಂದು ಸಿಕ್ಕರೆ ಬೆಳಕಿಗೆ ಹಿಡಿದು ನೋಡಿ. ತೂತುಗಳು ಗೆರೆಯ ಗುಂಟವೇ ಸಾಗಿದ್ದರೆ ಅದು ಹುಳ ತಿಂದದ್ದಲ್ಲ, ಸೂಜಿ ನಡೆದದ್ದು.